ಬಕಲಿನ ಬೆನ್ನು

ಇಂಗ್ಲೆಂಡಿನ ಉತ್ತ ಹೊಲಗಳಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಅಡ್ಡಾಡುವ ಹವ್ಯಾಸಿಗಳಿಗೆ ನಾಣ್ಯ, ಗುಂಡಿಗಳ ಜೊತೆ ಮತ್ತೆ ಮತ್ತೆ ಸಿಗುವ ವಸ್ತು ಹಳೆಯ ಬಕಲು. ನಾಣ್ಯವಾದರೆ ದೊರೆಯ ಮುಖ, ಹೆಸರು ಹೊತ್ತು ಬರುತ್ತದೆ. ಬಕಲಿನ ಮೇಲೆ ಹೆಚ್ಚೆಂದರೆ ಒಂದು ಹೂಬಳ್ಳಿ. ಸಿಕ್ಕವರು ಆ ಹೂಬಳ್ಳಿಯನ್ನೇ ನಂಬಿ, ಚಿತ್ರಗಳಿರುವ ಯಾವುದಾದರೂ ಪುಸ್ತಕದಲ್ಲಿ ಅಂಥದ್ದೇ ಒಂದನ್ನು ಹುಡುಕಿ, ಅದರ ಇಸವಿಯನ್ನು ತಮ್ಮದಕ್ಕೂ ಅಂಟಿಸಿಬಿಡುತ್ತಾರೆ. ಆದರೆ ಬಕಲಿನ ಕಾಲ ಗೊತ್ತಾಗಬೇಕಾದರೆ ಅದನ್ನು ಮಗುಚಿ ನೋಡಬೇಕು. ಎರಡು ಬಳೆಗಳನ್ನು ಬೆಸೆದಂತೆ, ಕನ್ನಡಕದ ಆಕಾರದಲ್ಲಿರುವ ಬಕಲನ್ನೇ ತೆಗೆದುಕೊಳ್ಳಿ. 14ನೇ ಶತಮಾನದಿಂದ 17ನೇ ಶತಮಾನದವರೆಗೆ, ಸುಮಾರು 300 ವರ್ಷ, ಆ ಆಕಾರ ಹೆಚ್ಚುಕಡಿಮೆ ಹಾಗೇ ನಡೆದುಬಂದಿದೆ. ಮುಖ ನೋಡಿ ಅದಕ್ಕೆ ಇಸವಿ ಹೇಳುವುದು ತಂಬಿಗೆಯ ಆಕಾರ ನೋಡಿ ಅದು ಯಾರ ಕಾಲದ್ದೆಂದು ಹೇಳಿದಷ್ಟೇ ಕಷ್ಟ.

ಹಿಂಬದಿಯ ಕತೆ ಬೇರೆ. ಶೂಗಳ ಬಕಲಿನಲ್ಲಿ ಅದು ಚೆನ್ನಾಗಿ ಕಾಣುತ್ತದೆ. ಲಂಡನ್ನಿನ ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್ ತಾನು ಶೂಗಳಿಗೆ ಬಕಲು ಹಾಕಲು ಶುರು ಮಾಡಿದ್ದನ್ನು 1660ರ ಜನವರಿಯಲ್ಲಿ ಬರೆದಿಟ್ಟಿದ್ದಾನೆ. ಆ ಮೊದಲ ತಲೆಮಾರಿನ ಬಕಲುಗಳು ಚಿಕ್ಕವು. ಚೌಕಟ್ಟು, ನಡುವಿನ ಅಡ್ಡಕಂಬಿ ಎರಡನ್ನೂ ಒಂದೇ ಅಚ್ಚಿನಲ್ಲಿ ಎರೆಯುತ್ತಿದ್ದರು. ಸುಮಾರು 1720ರಿಂದ ಕಂಬಿ ಬೇರೆಯಾಯಿತು. ಚೌಕಟ್ಟಿನ ಎದುರುಬದುರು ಬದಿಗಳಲ್ಲಿ ತೂತು ಕೊರೆದು, ಕಬ್ಬಿಣದ ಕಂಬಿ ತೂರಿಸಿ, ಅದಕ್ಕೆ ಮುಳ್ಳನ್ನೂ ಪಟ್ಟಿ ಕಚ್ಚುವ ಕೊಂಡಿಯನ್ನೂ ಪೋಣಿಸುವುದು ವಾಡಿಕೆಗೆ ಬಂತು. ಕಂಬಿ ಚೌಕಟ್ಟಿನ ಯಾವ ದಿಕ್ಕಿಗೆ ಹಾಯುತ್ತದೆ ಎನ್ನುವುದೂ ಮಾತಾಡುತ್ತದೆ. ಅಗಲ ಕಡಿಮೆಯಿರುವ ಕಡೆಗೆ ಅಡ್ಡ ಹಾಯ್ದಿದ್ದರೆ ಸಾಮಾನ್ಯವಾಗಿ ಶೂಗಳದ್ದು. ಉದ್ದಕ್ಕೆ ಹಾಯ್ದು, ಕೊಂಡಿ ಹಡಗಿನ ಲಂಗರಿನಂತಿದ್ದರೆ ಮೊಣಕಾಲಿನ ಬಳಿ ಚಲ್ಲಣ ಬಿಗಿಯುತ್ತಿದ್ದ ಬಕಲು. ಮಣ್ಣಿನಲ್ಲಿ ಕಬ್ಬಿಣ ಕರಗಿ, ಹಿತ್ತಾಳೆಯ ಬರಿ ಚೌಕಟ್ಟು ಉಳಿದಿರುವುದೇ ಹೆಚ್ಚು. ಆದರೂ ಅಂಚನ್ನು ತೊಳೆದು ಬೆಳಕಿಗೆ ಹಿಡಿದರೆ ಸಾಸಿವೆ ಕಾಳಿನಷ್ಟು ತೂತು, ಅದರ ಸುತ್ತ ಕಂದು ತುಕ್ಕಿನ ಕಲೆ ಕಾಣುತ್ತದೆ.

ಕೊಂಡಿ ಮುರಿದರೆ ಹೊಸದು ಹಾಕಿಸುತ್ತಿದ್ದರಲ್ಲ, ಹಿಂಬದಿ ಹೇಳುವುದು ಕೊನೆಯ ರಿಪೇರಿಯ ಕಾಲವನ್ನಲ್ಲವೇ ಎಂದು ಕೇಳಬಹುದು. ಕೊಂಡಿಯ ಮಟ್ಟಿಗೆ ಈ ಆಕ್ಷೇಪ ಸರಿ. ತೂತಿನ ಮಟ್ಟಿಗೆ ಅಲ್ಲ. ಅದು ಚೌಕಟ್ಟು ಹುಟ್ಟಿದಾಗಿನದು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ತಯಾರಾದ ಕಾಲ ಒಂದು, ಕಳೆದುಹೋದ ಕಾಲ ಇನ್ನೊಂದು. ಶೂ ಸವೆದರೆ ಬಕಲನ್ನು ಬಿಚ್ಚಿ ಹೊಸ ಜೋಡಿಗೆ ಹಾಕುತ್ತಿದ್ದರು. ಒಂದು ಬಕಲು ಹಲವು ಜೋಡಿಗಳನ್ನು ಕಂಡಿರಬಹುದು. ಅದೂ ಅಲ್ಲದೆ ಪಟ್ಟಣದ ಕಸ, ಕೊಳೆ ಗಾಡಿಗಳಲ್ಲಿ ಗೊಬ್ಬರವಾಗಿ ಹೊಲ ಸೇರುತ್ತಿತ್ತು. ಸಿಕ್ಕ ಜಾಗದಲ್ಲೇ ಅದರ ಒಡೆಯ ನಡೆದಾಡಿದ್ದನೆಂದು ಕತೆ ಕಟ್ಟುವವರು ಇದನ್ನು ಮರೆಯುತ್ತಾರೆ. ಹಾಗಾಗಿ ತೂತು ಹೇಳುವುದು ಒಂದೇ ಮಾತು: ಬಕಲು ಸುಮಾರು 1720ಕ್ಕಿಂತ ಹಿಂದಿನದಲ್ಲ. ಅಷ್ಟನ್ನು ಹೇಳಲೂ ಹೊಲದ ಸಾಕ್ಷಿ ಸಾಲದು. ನೇಗಿಲು ಪದರಗಳನ್ನು ಕಲಸಿಹಾಕಿರುತ್ತದೆ. ಕಾಲಗಣನೆಯ ಆಧಾರಗಳು ಬೇರೆಡೆಯಿಂದ ಬರಬೇಕು. ಮಧ್ಯಯುಗದ ಬಕಲುಗಳಿಗೆ ಆ ಆಧಾರ ಥೇಮ್ಸ್ ನದಿಯ ದಂಡೆಯಿಂದ ಬಂತು. ಅಲ್ಲಿ ಕಟ್ಟಿದ್ದ ಮರದ ಒಡ್ಡುಗಳ ದಿಮ್ಮಿಗಳ ಉಂಗುರ ಎಣಿಸಿ, ಒಡ್ಡುಗಳ ಹಿಂಬದಿಗೆ ತುಂಬಿದ್ದ ಕಸದ ಕಾಲ ಗೊತ್ತುಮಾಡಿದರು. ಟ್ಯೂಡರ್ ಕಾಲದ ವಸ್ತುಗಳಿಗೆ 1545ರಲ್ಲಿ ಮುಳುಗಿದ ಮೇರಿ ರೋಸ್ ಹಡಗಿದೆ. ಅದರೊಳಗಿನ ಯಾವುದೂ ಆ ವರ್ಷದ ಆಚೆಯದಾಗಿರಲು ಸಾಧ್ಯವಿಲ್ಲ.

ಶೂ ಬಕಲಿನ ಕೊನೆಗಾಲಕ್ಕೆ ಹಡಗು ಬೇಡ, ಒಂದು ಅರ್ಜಿ ಸಾಕು. 1770, 80ರ ದಶಕಗಳಲ್ಲಿ ಫ್ರಾನ್ಸಿನ ರಾಜಕುಮಾರ ಆರ್ಟ್ವಾ ಕೌಂಟನ ಹೆಸರಿನ ದೊಡ್ಡ ಬಕಲುಗಳು ಪಾದದ ಮೇಲ್ಭಾಗವನ್ನೇ ಮುಚ್ಚುವಷ್ಟು ಬೆಳೆದವು. ಅಷ್ಟರಲ್ಲೇ ಲಾಡಿ ಕಟ್ಟುವ ಶೂ ಬಂತು. 1791ರಲ್ಲಿ ಬರ್ಮಿಂಗ್‌ಹ್ಯಾಮ್ ಸುತ್ತಿನ ಬಕಲು ತಯಾರಕರು, 20,000ಕ್ಕೂ ಹೆಚ್ಚು ಜನರ ಹೊಟ್ಟೆಪಾಡು ಹೋಯಿತೆಂದು ವೇಲ್ಸ್ ರಾಜಕುಮಾರನ ಮೊರೆಹೊಕ್ಕರು. ಅವನು ತನ್ನ ಮನೆಯವರಿಗೆ ಬಕಲು ಹಾಕಲು ಹೇಳಿದ. ಫ್ಯಾಶನ್ ಅವನ ಮಾತು ಕೇಳಲಿಲ್ಲ. ಅರಮನೆಯ ಉಡುಪಿನಲ್ಲಿ ಬಕಲು ಮುಂದೆಯೂ ಉಳಿಯಿತೆನ್ನುವುದು ನಿಜ, ಆದರೆ ಅರಮನೆಯ ಶೂಗಳು ಹೊಲದ ಕೆಸರಿಗೆ ಬೀಳುವುದು ಅಪರೂಪ.

ಇಷ್ಟೆಲ್ಲ ಸೂಕ್ಷ್ಮ ಯಾಕೆ ಬೇಕೆನ್ನುವವರು ಬೆಳ್ಳಿಯ ಬಕಲು ಸಿಕ್ಕಿದಾಗ ನೋಡಬೇಕು. ಇಂಗ್ಲೆಂಡಿನಲ್ಲಿ 1996ರ ಕಾನೂನಿನ ಪ್ರಕಾರ, ತೂಕದಲ್ಲಿ ಕನಿಷ್ಠ ಶೇ 10 ಬೆಳ್ಳಿ ಅಥವಾ ಚಿನ್ನವಿದ್ದು, 300 ವರ್ಷ ಹಳೆಯದಾದ ವಸ್ತು ನಿಧಿ. 14 ದಿನದೊಳಗೆ ಕಾರೊನರ್ ಎಂಬ ಅಧಿಕಾರಿಗೆ ತಿಳಿಸಬೇಕು. ಮುನ್ನೂರು ವರ್ಷದ ಗೆರೆ ಈಗ ಸರಿಯಾಗಿ 1720ರ ದಶಕದ ಮೇಲೆ ಬಂದು ನಿಂತಿದೆ. ಕಂಬಿ ಚೌಕಟ್ಟಿನೊಂದಿಗೆ ಒಂದೇ ಎರಕದ್ದಾಗಿದ್ದರೆ ಸಿಕ್ಕವನು ಫೋನ್ ಎತ್ತಿಕೊಳ್ಳುವುದು ಒಳ್ಳೆಯದು. ಅಂಚಿನಲ್ಲಿ ಕೊರೆದ ತೂತಿದ್ದರೆ ಸಾಮಾನ್ಯವಾಗಿ ಅದು ಅವನಿಗೂ ಹೊಲದ ಒಡೆಯನಿಗೂ ಬಿಟ್ಟ ವಿಚಾರ.