ಅಣ್ಣಾಭಾವು ಸಾಠೆ ಯಾರ ಪಾಲು?

ಆಗಸ್ಟ್ 1 ಬಂದ್ರೆ ಅಣ್ಣಾಭಾವು ಸಾಠೆ ಫೋಟೊಗೆ ಹಾರ ಬೀಳುತ್ತೆ. ಎಡಪಂಥೀಯರು ‘ನಮ್ಮವರು’ ಅಂತಾರೆ, ಜಾತಿ ಸಂಘದವರೂ ‘ನಮ್ಮವರು’ ಅಂತಾರೆ. ಅವರ ಬದುಕನ್ನ ಪೂರ್ತಿ ನೋಡಿದ್ರೆ ಈ ಜಗಳಕ್ಕೇ ಅರ್ಥ ಇಲ್ಲ ಬಂಧುಗಳೇ.

1920ರಲ್ಲಿ ಸಾಂಗ್ಲಿ ಸೀಮೆಯ ವಾಟೇಗಾಂವದಲ್ಲಿ, ಮಾಂಗ್ ಸಮುದಾಯದಲ್ಲಿ ಹುಟ್ಟಿದವರು. ಬ್ರಿಟಿಷರು ಹುಟ್ಟಿನಿಂದಲೇ ಅಪರಾಧಿಗಳು ಅಂತ ಹಣೆಪಟ್ಟಿ ಹಚ್ಚಿದ ಜನ. ಶಾಲೆ ದಕ್ಕಲಿಲ್ಲ. ಮುಂಬೈಗೆ ಹೋಗಿ ಗಿರಣಿಯಲ್ಲಿ ದುಡಿದರು, ಕಮ್ಯುನಿಸ್ಟರಾದರು. 1944ರಲ್ಲಿ ಅಮರ್ ಶೇಖ್, ಗವ್ಹಾಣಕರ್ ಜೊತೆ ‘ಲಾಲ್ ಬಾವಟಾ ಕಲಾಪಥಕ’ ಕಟ್ಟಿ, ಪೊವಾಡ, ತಮಾಷಾಗಳನ್ನ ಕಾರ್ಮಿಕರ ನಡುವೆ ಒಯ್ದರು.

1958ರಲ್ಲಿ ಮುಂಬೈನಲ್ಲಿ ಮೊದಲ ದಲಿತ ಸಾಹಿತ್ಯ ಸಮ್ಮೇಳನ ಉದ್ಘಾಟಿಸಿದ್ದು ಇದೇ ಕಮ್ಯುನಿಸ್ಟ್. ಭೂಮಿ ನಿಂತಿರೋದು ಶೇಷನಾಗನ ಹೆಡೆ ಮೇಲಲ್ಲ, ದಲಿತರ, ದುಡಿಯುವವರ ಅಂಗೈ ಮೇಲೆ ಅಂತ ಅಲ್ಲಿ ಸಾರಿದರು.

ಮರುವರ್ಷ ‘ಫಕೀರಾ’ ಕಾದಂಬರಿ ಬಂತು. ಹಸಿದ ತನ್ನ ಜನರಿಗಾಗಿ ಲೂಟಿ ಮಾಡಿ, ಬ್ರಿಟಿಷರಿಗೆ ಎದುರು ನಿಂತ ಮಾಂಗ್ ಯುವಕನ ಕತೆ. ಸರ್ಕಾರಿ ದಾಖಲೆಯ ‘ಕಳ್ಳ’ ಇಲ್ಲಿ ನಾಯಕ. ಆ ಪುಸ್ತಕ ಅರ್ಪಿಸಿದ್ದು ಬಾಬಾಸಾಹೇಬರ ಲೇಖನಿಗೆ! ಕೆಂಬಾವುಟ ಹಿಡಿದ ಕೈಗೆ ಭೀಮನ ಲೇಖನಿ ಪರಕೀಯ ಅನ್ನಿಸಲಿಲ್ಲ.

ಮೂವತ್ತಕ್ಕೂ ಹೆಚ್ಚು ಕಾದಂಬರಿ ಬರೆದರು, ರಾಜ್ಯ ಪ್ರಶಸ್ತಿಯೂ ಬಂತು. ಆದ್ರೆ ಬಹುಕಾಲ ಬಾಳಿದ್ದು ಘಾಟ್ಕೋಪರಿನ ಚಿರಾಗ್ ನಗರದ ಕೊಳೆಗೇರಿಯಲ್ಲಿ. 1969ರಲ್ಲಿ, ಐವತ್ತು ತುಂಬೋ ಮೊದಲೇ, ಬಡತನದಲ್ಲೇ ತೀರಿಕೊಂಡರು. ಬದುಕಿದ್ದಾಗ ಪಾಲು ಕೇಳೋಕೆ ಎಷ್ಟು ಜನ ಬಂದಿದ್ರು?

ಹಾರ ಹಾಕೋಣ. ಜೊತೆಗೆ ಕೇರಿಯಲ್ಲಿ, ಹಾಸ್ಟೆಲ್ಲಲ್ಲಿ ಮಕ್ಕಳನ್ನ ಕೂರಿಸಿಕೊಂಡು ಫಕೀರಾನ ಕತೆ ಹೇಳೋಣ. ಜಾತಿಯ ನೋವನ್ನೂ ಹೊಟ್ಟೆಯ ಹಸಿವನ್ನೂ ಬೇರೆ ಮಾಡದೆ ಬರೆದವರನ್ನ ನಾವೂ ಹೋಳು ಮಾಡೋದು ಬೇಡ.

ಜೈ ಭೀಮ್.