ಕಲ್ಲಿನಲ್ಲಿ ನಿಂತ ಒಡಂಬಡಿಕೆ

ಕನ್ನಡ ನಾಡಿನ ಹಳೆಯ ಹಾದಿಗಳಲ್ಲಿ ಸಾಗುವವರಿಗೆ ಊರ ಮುಂದೆ, ಕೆರೆಯ ಏರಿಯ ಮೇಲೆ, ದೇಗುಲದ ಅಂಗಳದಲ್ಲಿ ಬರೆಹವುಳ್ಳ ಕಲ್ಲುಗಳು ಎದುರಾಗುತ್ತವೆ. ತುರುಗಳನ್ನು ಕಾಯಲು ಹೋರಾಡಿ ಮಡಿದವನಿಗೆ ವೀರಗಲ್ಲು, ಸಲ್ಲೇಖನ ವ್ರತದಿಂದ ದೇಹವನ್ನು ತ್ಯಜಿಸಿದವರಿಗೆ ನಿಸಿದಿಗಲ್ಲು, ಭೂಮಿಯನ್ನು ದಾನವಿತ್ತವರಿಗೆ ದಾನಶಾಸನ. ಹಾದಿಹೋಕನು ನಿಂತು ಓದಲಿ, ಓದಿ ನೆನೆಯಲಿ ಎಂಬುದೇ ಇವುಗಳನ್ನು ನಿಲ್ಲಿಸಿದವರ ಆಶಯ. ಇವುಗಳ ನಡುವೆ ಇನ್ನೊಂದು ಬಗೆಯ ಕಲ್ಲೂ ಉಂಟು. ಅದು ಮರಣವನ್ನಾಗಲಿ ದಾನವನ್ನಾಗಲಿ ಸಾರುವುದಿಲ್ಲ. ಕಲಹವೊಂದು ಮುಗಿದ ಬಗೆಯನ್ನು ಸಾರುತ್ತದೆ. ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ ಕ್ರಿ.ಶ. 1368ರ ಬುಕ್ಕರಾಯನ ಶಾಸನವು ಅಂತಹುದು.

ಹೊಯ್ಸಳ ನರಸಿಂಹನ ಭಂಡಾರಿಯಾಗಿದ್ದ ಹುಳ್ಳನು 1159ರಲ್ಲಿ ಕಟ್ಟಿಸಿದ ಈ ಬಸದಿಯು ಇಪ್ಪತ್ತನಾಲ್ಕು ತೀರ್ಥಂಕರರ ನೆಲೆ. ಇದು ನಿರ್ಮಾಣಗೊಂಡು ಎರಡು ಶತಮಾನಗಳಾಗುವ ಹೊತ್ತಿಗೆ ನಾಡಿನ ಸ್ಥಿತಿ ಬದಲಾಗಿತ್ತು. ಗಂಗರ, ಹೊಯ್ಸಳರ ಕಾಲದ ರಾಜಾಶ್ರಯ ಜೈನರಿಗೆ ಉಳಿದಿರಲಿಲ್ಲ. ಶ್ರೀವೈಷ್ಣವ ಭಕ್ತರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ನಾಡುಗಳ ಭವ್ಯಜನರು ವಿಜಯನಗರದ ಅರಸು ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡರು. ಅವರು ಆಯುಧವನ್ನು ಹಿಡಿಯಲಿಲ್ಲ, ನ್ಯಾಯವನ್ನು ಕೇಳಿದರು.

ಅರಸನು ತೀರ್ಪನ್ನು ಏಕಾಂತದಲ್ಲಿ ಹೇಳಲಿಲ್ಲ. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರೂ ಹದಿನೆಂಟು ನಾಡುಗಳ ಶ್ರೀವೈಷ್ಣವರೂ ನೆರೆದಿರಲು, ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿ ಇರಿಸಿದನು. ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲವೆಂದು ಸಾರಿದನು. ಪಂಚಮಹಾವಾದ್ಯಗಳೂ ಕಲಶವೂ ಜೈನರಿಗೆ ಮೊದಲಿನಂತೆ ಸಲ್ಲತಕ್ಕವೆಂದು ವಿಧಿಸಿದನು. ಜೈನ ದರ್ಶನಕ್ಕೆ ಭಕ್ತರಿಂದ ಹಾನಿಯಾಗಲಿ ವೃದ್ಧಿಯಾಗಲಿ ಉಂಟಾದರೆ ಅದನ್ನು ವೈಷ್ಣವರು ತಮ್ಮದೇ ಹಾನಿ, ತಮ್ಮದೇ ವೃದ್ಧಿ ಎಂದು ಬಗೆಯಬೇಕೆಂಬುದು ಈ ಕಟ್ಟಳೆಯ ಹೃದಯ. ದುರ್ಬಲರಿಗೆ ಸಹನೆಯನ್ನು ಬೋಧಿಸಿ ಸುಮ್ಮನಾಗುವುದು ಸುಲಭ. ಇಲ್ಲಿ ಹೊಣೆಯು ಬಲವುಳ್ಳವರ ಮೇಲೆ ಬಿದ್ದಿದೆ.

ಕಟ್ಟಳೆಯು ಬರಿಯ ಸದಾಶಯವಾಗಿಯೂ ಉಳಿಯಲಿಲ್ಲ. ರಾಜ್ಯದ ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಎತ್ತಿ, ಅದರಿಂದ ಬೆಳಗೊಳದ ದೇವರ ಅಂಗರಕ್ಷಣೆಗೆ ಇಪ್ಪತ್ತು ಆಳುಗಳನ್ನು ಇಡಬೇಕು. ಮಿಕ್ಕ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಇದನ್ನು ನಡೆಸುವ ಭಾರವನ್ನು ಹೊತ್ತವನು ತಿರುಮಲೆಯ ತಾತಯ್ಯ. ಅದೂ ರಾಜ್ಯದ ಭವ್ಯಜನರ ಒಪ್ಪಿಗೆಯಿಂದ. ಹಣವು ಜೈನರದು, ಕಾವಲಿನ ಹೊಣೆಯು ವೈಷ್ಣವನದು. ಈ ಏರ್ಪಾಡು ಪೂರ್ಣ ಸಮಾನತೆಯಲ್ಲವೆಂದು ಇಂದಿನ ಓದುಗನಿಗೆ ತೋರಬಹುದು. ಆ ಮಾತು ಸುಳ್ಳೂ ಅಲ್ಲ. ಆದರೆ ವಿರೋಧಿಗಳೆನಿಸಿದ್ದವರನ್ನೇ ಕಾವಲಿನಲ್ಲಿ ಪಾಲುಗಾರರನ್ನಾಗಿ ಮಾಡಿದ ವಿವೇಕವನ್ನು ಮರೆಯಲಾಗದು.

ಈ ಶಾಸನದ ಆರಂಭವೂ ಗಮನಾರ್ಹ. ಮೊದಲಲ್ಲಿರುವುದು ರಾಮಾನುಜಾಚಾರ್ಯರ ಸ್ತುತಿ. ಅದರಲ್ಲಿ ಅವರನ್ನು ಪಾಷಂಡರೆಂಬ ಸಾಗರಕ್ಕೆ ಬಡಬಾಗ್ನಿಯೆಂದು ಕೊಂಡಾಡಿದೆ. ಅನ್ಯಮತವನ್ನು ಸುಡುವ ಬೆಂಕಿಯ ಹೋಲಿಕೆಯು ಒಂದು ಸಾಲಿನಲ್ಲಿ. ಅನ್ಯಮತವನ್ನು ಕಾಯುವ ಪ್ರತಿಜ್ಞೆಯು ಮುಂದಿನ ಸಾಲುಗಳಲ್ಲಿ! ಅಂತಹ ಶಾಸನವು ಜಿನಮಂದಿರದಲ್ಲಿಯೇ ನಿಂತಿದೆ. ಸಾಮರಸ್ಯಕ್ಕಾಗಿ ಯಾರೂ ತಮ್ಮ ಶ್ರದ್ಧೆಯನ್ನು ಬಿಡಬೇಕಾಗಿರಲಿಲ್ಲ. ಮತ್ತೊಬ್ಬನ ಬಾಳುವ ಹಕ್ಕನ್ನು ಒಪ್ಪಬೇಕಾಗಿತ್ತು. ಪರರ ದೃಷ್ಟಿಗೂ ಎಡೆಯುಂಟೆನ್ನುವ ಅನೇಕಾಂತವನ್ನು ಅರಿತವರಿಗೆ ಇದು ಅಪರಿಚಿತವಾದ ತತ್ತ್ವವಲ್ಲ.

ಕಟ್ಟಳೆಯು ಅರಮನೆಯ ಕಡತದಲ್ಲಿ ಉಳಿಯದೆ ಜನರ ಕಣ್ಣೆದುರು ನಿಂತದ್ದೇ ಇದರ ಬಲ. ರಾಜ್ಯದ ಬಸದಿಗಳಲ್ಲೆಲ್ಲ ಶ್ರೀವೈಷ್ಣವರೇ ಶಾಸನವನ್ನು ನೆಡಿಸಬೇಕೆಂಬುದು ಆಜ್ಞೆ. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ಇದೇ ಕಟ್ಟಳೆಯ ಇನ್ನೊಂದು ಶಾಸನ ದೊರೆತಿದೆ. ಈ ಕಲ್ಯವೇ ಶಾಸನೋಕ್ತವಾದ ಕಲ್ಲೆಹ. ಅಲ್ಲಿಯ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿಯು ಬುಕ್ಕರಾಯನಿಗೆ ಬಿನ್ನಹ ಮಾಡಿ, ತಾತಯ್ಯನನ್ನು ಕರೆಸಿ, ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದನೆಂದು ಬೆಳಗೊಳದ ಶಾಸನದ ಕೊನೆಯಲ್ಲಿದೆ. ಎರಡು ಸಮಯದವರೂ ಕೂಡಿ ಅವನಿಗೆ ಸಂಘನಾಯಕನೆಂಬ ಪಟ್ಟವನ್ನು ಕಟ್ಟಿದರು. ಬಿರುದು ಸಂದದ್ದು ಗೆದ್ದ ಸೇನಾನಿಗಲ್ಲ. ನೆನಪನ್ನು ಮಾಸಲು ಬಿಡದ ಶ್ರಾವಕನಿಗೆ.

ಇಂತಹ ಪದ್ಧತಿ ಮುಂದೆಯೂ ನಡೆಯಿತು. ಹಳೇಬೀಡಿನ ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವನೆಂಬವನು ಲಿಂಗಮುದ್ರೆಯನ್ನೊತ್ತಿ, ಜೈನನೊಬ್ಬನು ಅದನ್ನು ಅಳಿಸಿದಾಗ ಹುಟ್ಟಿದ ವಿವಾದವೂ ಹಿರಿಯರ ಒಡಂಬಡಿಕೆಯಲ್ಲಿ ಮುಗಿಯಿತು. ಮೊದಲು ವಿಭೂತಿಯನ್ನು ಸಲ್ಲಿಸಿ, ಬಳಿಕ ಜೈನರು ತಮ್ಮ ಪೂಜೆಯನ್ನು ಎಂದಿನಂತೆ ನಡೆಸಿಕೊಳ್ಳತಕ್ಕುದೆಂದು 1638ರ ಶಾಸನ ಹೇಳುತ್ತದೆ.

ಬಿ. ಎಲ್. ರೈಸ್ ಅವರು 1889ರಲ್ಲಿಯೂ ಆರ್. ನರಸಿಂಹಾಚಾರ್ಯರು 1923ರಲ್ಲಿಯೂ ಬೆಳಗೊಳದ ಶಾಸನಗಳನ್ನು ಪ್ರಕಟಿಸಿದ್ದರಿಂದ ಬೆಳಗೊಳದ ಈ ಕಲ್ಲಿನ ಮಾತು ವಿದ್ವಾಂಸರಿಗೆ ತಿಳಿದಿದೆ. ಆದರೆ ಕಲ್ಲನ್ನು ನಿಲ್ಲಿಸಿದವರು ವಿದ್ವಾಂಸರನ್ನು ಮಾತ್ರ ನೆನೆದಿರಲಿಲ್ಲ. ಹಳೆಯ ಲಿಪಿಯನ್ನು ಓದಲಾರದ ಯಾತ್ರಿಕನಿಗೆ ಅದು ಇಂದು ಮೂಕಶಿಲೆ. ಸ್ಮಾರಕವನ್ನು ಕೆಡಿಸಿದರೆ ದಂಡವುಂಟೆಂದು ಹೇಳುವ ಫಲಕವು ಕಲ್ಲಿನ ಒಡಲನ್ನು ಕಾಪಾಡೀತು. ಅದರ ಮಾತನ್ನು ಕಾಪಾಡಲಾರದು. ತಮ್ಮ ಊರಿನ ಶಾಸನದ ತಾತ್ಪರ್ಯವನ್ನು ತಿಳಿಗನ್ನಡದಲ್ಲಿ ಬರೆಸಿ ಅದರ ಪಕ್ಕದಲ್ಲಿ ನಿಲ್ಲಿಸುವುದು, ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಓದಿ ಹೇಳುವುದು ಯಾವ ಶ್ರಾವಕ ಕುಟುಂಬಕ್ಕೂ ಅಸಾಧ್ಯವಲ್ಲ. ಬುಸುವಿಸೆಟ್ಟಿ ತನ್ನ ಕಾಲದಲ್ಲಿ ಮಾಡಿದ ಜೀರ್ಣೋದ್ಧಾರಕ್ಕೆ ಅದೇ ನಿಜವಾದ ಮುಂದುವರಿಕೆ.