ಗವಾನರ ಮದ್ರಸ: ಗ್ರಂಥಗಳಿದ್ದ ಮನೆಗೆ ಮದ್ದು ಬಂದಾಗ

ಬೀದರ್ ಕೋಟೆಯತ್ತ ಸಾಗುವ ಹಾದಿಯಲ್ಲಿ, ಹಳೆಯ ಊರಿನೊಳಗೆ, ಅರ್ಧ ಮುಖ ಕಳೆದುಕೊಂಡ ಕಟ್ಟಡವೊಂದಿದೆ. ಬಹಮನಿ ವಜೀರ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದ್ರಸವಿದು. ಮದ್ರಸ ಎಂದೊಡನೆ ಮಸೀದಿ ಪಕ್ಕದ ಪುಟ್ಟ ಕೊಠಡಿ ನಮ್ಮ ಕಣ್ಮುಂದೆ ಬರುತ್ತದೆ. ಆದರೆ ಇದು ಅಂದಿನ ದಖ್ಖನಿನ ದೊಡ್ಡ ವಸತಿ ವಿದ್ಯಾಲಯ.

ಗವಾನ್ ಇರಾನಿನ ಗೀಲಾನ್ ಪ್ರಾಂತದವರು. ವ್ಯಾಪಾರಿಯಾಗಿ ಬೀದರಿಗೆ ಬಂದು ವಜೀರರಾದರು. ಸ್ವತಃ ವಿದ್ವಾಂಸರಾಗಿದ್ದ ಅವರಿಗೆ ಪಾರಸಿ ಕವಿ ಜಾಮಿಯವರೊಂದಿಗೆ ಪತ್ರ ವ್ಯವಹಾರವಿತ್ತು. ದೂರದ ನಾಡುಗಳ ವಿದ್ವಾಂಸರು ಬೀದರಿಗೆ ಬಂದು ಪಾಠ ಹೇಳಬೇಕೆಂಬುದು ಅವರ ಆಸೆ.

ಕಟ್ಟಡವೇ ಈ ಆಸೆಗೆ ಸಾಕ್ಷಿ. ಸುಮಾರು 205 ಅಡಿ ಉದ್ದ, 180 ಅಡಿ ಅಗಲ, ಮೂರು ಅಂತಸ್ತು. ನಡುವೆ ವಿಶಾಲವಾದ ತೆರೆದ ಅಂಗಳ. ಅದರ ಸುತ್ತ ಮಸೀದಿ, ಗ್ರಂಥಾಲಯ, ಪಾಠದ ಹಜಾರಗಳು, ಅಧ್ಯಾಪಕರ ಬಿಡಾರ, ವಿದ್ಯಾರ್ಥಿಗಳ ಕೋಣೆಗಳು. ಗ್ರಂಥಾಲಯದಲ್ಲಿ 3,000 ಹಸ್ತಪ್ರತಿಗಳಿದ್ದುವೆಂದು ಇತಿಹಾಸಕಾರರು ಹೇಳುತ್ತಾರೆ. ಕಟ್ಟಡದ ವಿನ್ಯಾಸದಲ್ಲಿ ಸಮರ್ಕಂದ್, ಖುರಾಸಾನ್‌ಗಳ ಮದ್ರಸಗಳ ಛಾಯೆಯಿದೆ. ಪೂರ್ವದ ಮುಂಭಾಗದ ಎರಡು ತುದಿಗಳಲ್ಲಿ ಎರಡು ಮಿನಾರುಗಳಿದ್ದವು. ಗೋಡೆಗಳ ಮೇಲೆ ಬಣ್ಣದ ಹೆಂಚುಬಿಲ್ಲೆಗಳು, ಕುರ್‌ಆನ್ ವಚನಗಳ ಸುಂದರ ಬರಹ.

ಕಟ್ಟಿಸಿದವರ ಬಾಳು ದುರಂತವಾಯಿತು. ಹೊರನಾಡಿನಿಂದ ಬಂದವರಿಗೂ ದಖ್ಖನಿ ಸರದಾರರಿಗೂ ಆಸ್ಥಾನದಲ್ಲಿ ಪೈಪೋಟಿಯಿತ್ತು. ವಿರೋಧಿಗಳು ಗವಾನರ ಮೊಹರು ಬಳಸಿ, ಒರಿಸ್ಸಾದ ರಾಜನಿಗೆ ಬರೆದಂತೆ ಸುಳ್ಳು ಪತ್ರ ಸೃಷ್ಟಿಸಿದರು. ಸುಲ್ತಾನ ಮೂರನೆಯ ಮುಹಮ್ಮದ್ ವಿಚಾರಣೆ ನಡೆಸದೆಯೇ 1481ರಲ್ಲಿ ಅವರನ್ನು ಕೊಲ್ಲಿಸಿದ. ಸತ್ಯ ತಿಳಿದು ಪಶ್ಚಾತ್ತಾಪಪಟ್ಟ ಸುಲ್ತಾನ ಮರುವರ್ಷವೇ ತೀರಿಕೊಂಡ. ಕೆಲವೇ ದಶಕಗಳಲ್ಲಿ ರಾಜ್ಯ ಐದು ಹೋಳಾಯಿತು.

ಆದರೂ ಮದ್ರಸ ನಿಂತಿತ್ತು. ಔರಂಗಜೇಬ್ ಬೀದರನ್ನು ಗೆದ್ದ ಮೇಲೆ ಅದರ ಕೋಣೆಗಳು ಸೈನಿಕರ ಬಿಡಾರವಾದವು; ಒಂದು ಭಾಗದಲ್ಲಿ ಸಿಡಿಮದ್ದು ಕೂಡಿಡಲಾಯಿತು. 17ನೆಯ ಶತಮಾನದ ಕೊನೆಯ ದಶಕದಲ್ಲಿ ಸಿಡಿಲು ಬಡಿದು ಮದ್ದು ಸ್ಫೋಟಿಸಿತು. ಒಂದು ಮಿನಾರೂ ಮುಂಭಾಗದ ಬಹುಪಾಲೂ ನೆಲಕ್ಕುರುಳಿದವು.

ಸಿಡಿಲನ್ನು ತಡೆಯುವುದು ಯಾರ ಕೈಯಲ್ಲೂ ಇರಲಿಲ್ಲ. ಆದರೆ ಪುಸ್ತಕವಿರಬೇಕಾದಲ್ಲಿ ಮದ್ದು ಇಟ್ಟದ್ದು ಮನುಷ್ಯರ ಕೈಯೇ. ಅಧಿಕಾರದಲ್ಲಿದ್ದ ಮುಸ್ಲಿಮರೇ ಆ ಕೆಲಸ ಮಾಡಿದರೆಂಬುದನ್ನು ನಾವು ಮರೆಮಾಚಬಾರದು. ಇಂದು ಇದು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಈಶಾನ್ಯ ಮೂಲೆಯಲ್ಲಿ ಉಳಿದಿರುವ ಮಿನಾರಿನ ಹೆಂಚುಗಳನ್ನು ನೋಡಿ ನಾವು ಹೆಮ್ಮೆಪಡುತ್ತೇವೆ. ಬಿದ್ದುಹೋದ ಮಿನಾರಿನ ಜಾಗದಲ್ಲೂ ಒಂದು ಗಳಿಗೆ ನಿಲ್ಲೋಣ. ವಿದ್ಯಾಲಯ ಕಟ್ಟಿದರಷ್ಟೇ ಸಾಲದು, ಅದು ವಿದ್ಯಾಲಯವಾಗಿಯೇ ಉಳಿಯುವಂತೆ ಕಾಯಬೇಕು ಎಂಬ ಪಾಠ ನಮಗೆ ಸಿಗುವುದು ಅಲ್ಲಿಯೇ.